ಹಲಗೆಯ ಕೆಳಗೆ ಬಳಿದ ಎಣ್ಣೆ

ಅಡುಗೆಮನೆಯ ಮರದ ಕಟ್ಟೆಗೆ ಯಾವ ಎಣ್ಣೆ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ನಾನು ಈಗ ತಟ್ಟನೆ ಉತ್ತರ ಹೇಳುವುದಿಲ್ಲ. ಆ ಕಟ್ಟೆಯ ಮುಂದೆ ದಿನವೂ ನಿಲ್ಲುವವರು ಯಾರು, ನಿಂತಾಗ ಅವರ ಕೈ ಎಲ್ಲೆಲ್ಲಿಗೆ ಹೋಗುತ್ತದೆ ಎಂದು ಮೊದಲು ವಿಚಾರಿಸುತ್ತೇನೆ. ಎಣ್ಣೆ ಕೇಳಿದರೆ ಈ ಆಚಾರಿ ಜಾತಕ ಕೇಳುತ್ತಾನಲ್ಲ ಎಂದು ನಗುವವರಿದ್ದಾರೆ. ನಗಲಿ. ಒಮ್ಮೆ ಇದನ್ನು ವಿಚಾರಿಸದೆ ಹೋದದ್ದಕ್ಕೆ ಒಬ್ಬ ಹೆಂಗಸಿನ ಬೆರಳುಗಳು ಸುಟ್ಟ ಹಾಗೆ ಬೊಕ್ಕೆ ಎದ್ದವು. ಅದಕ್ಕೆ ಕಾರಣ ಏನೆಂದು ಗೊತ್ತಿದ್ದೂ ನಾನು ಹನ್ನೊಂದು ದಿನ ಬಾಯಿ ಮುಚ್ಚಿಕೊಂಡಿದ್ದೆ. ತಪ್ಪು ಯಾರಿಗೂ ಆಗುತ್ತದೆ. ಆ ಹನ್ನೊಂದು ದಿನ ಮಾತ್ರ ತಪ್ಪಲ್ಲ, ಪಾಪ.

ಮಾದಾಪುರದಿಂದ ಒಳಕ್ಕೆ ಹೋಗುವ ರಸ್ತೆಯಲ್ಲಿ ಒಂದು ಕಾಫಿ ತೋಟ. ತೋಟದ ಯಜಮಾನಿ ಮನೆಯ ಹಿಂದಿನ ನಾಲ್ಕು ಕೋಣೆಗಳನ್ನು ಹೋಂಸ್ಟೇ ಮಾಡಿ, ಅದಕ್ಕೆಂದೇ ಹೊಸ ಅಡುಗೆಮನೆ ಕಟ್ಟಿಸುತ್ತಿದ್ದರು. ಗಾಳಿಗೆ ಬಿದ್ದ ಹಲಸಿನ ಮರವೊಂದನ್ನು ಕೊಯ್ಯಿಸಿ, ಹಲಗೆಗಳನ್ನು ಕಾಫಿ ಗೋಡೌನಿನಲ್ಲಿ ಎರಡು ವರ್ಷ ಒಣಗಲು ಬಿಟ್ಟಿದ್ದರು. ಅರಿಸಿನದ ಬಣ್ಣ, ಹುಡುಕಿದರೂ ಒಂದು ಗಂಟು ಸಿಗದು. ಅಂಥ ಮರ ಕೈಗೆ ಸಿಕ್ಕಿದ ದಿನ ನನಗೆ ಊಟ ಸೇರುವುದಿಲ್ಲ.

"ಮೇಸ್ತ್ರಿ, ಗ್ರಾನೈಟ್ ನೋಡಿ ನೋಡಿ ಸಾಕಾಗಿದೆ. ಈ ಹಲಸಿಂದೇ ಕಟ್ಟೆ ಮಾಡಿ ಕೊಡಿ" ಎಂದರು ಯಜಮಾನಿ. "ಆದ್ರೆ ಎರಡು ಮಾತು. ಬಾಯಿಗೆ ಹೋಗಬಾರದ್ದು ಯಾವುದನ್ನೂ ಈ ಮರಕ್ಕೆ ಹಾಕಬಾರದು. ಪಾಲಿಶೂ ಬೇಡ, ವಾರ್ನಿಶೂ ಬೇಡ."

"ಆಗಲಿ ಅಮ್ಮ. ಇನ್ನೊಂದು?"

"ಗೆದ್ದಲು ಹಿಡೀಬಾರದು. ಹಳೇ ಅಡುಗೆಮನೆ ಬಾಗಿಲು ಗೆದ್ದಲು ತಿಂದು ಉಪ್ಪಿಟ್ಟಾಗಿದೆ ನೋಡಿ. ಇದಕ್ಕೂ ಹಾಗೇ ಆದ್ರೆ ನಿಮ್ಮನ್ನೇ ಹಿಡೀತೀನಿ."

ಎರಡಕ್ಕೂ ಹೂಂ ಎಂದೆ. ಈ ಎರಡು ಮಾತು ಒಂದಕ್ಕೊಂದು ಎದುರು ಎಂದು ನನಗೆ ಹೊಳೆದದ್ದು ಆಮೇಲೆ.

ಕೆಲಸ ಚೆನ್ನಾಗಿಯೇ ಸಾಗಿತು. ಐದು ಹಲಗೆಗಳನ್ನು ಅಂಚಿಗೆ ಅಂಚು ಕೂಡಿಸಿ, ಒಳಗೆ ಮರದ ಗೂಟ ಕೊಟ್ಟು, ಅಂಟು ಹಾಕಿ ಬಿಗಿದೆ. ಒಂದೂವರೆ ಇಂಚು ದಪ್ಪ. ಮುಂದಿನ ಅಂಚು ಕೆಳಗಿನ ಕಪಾಟಿನಿಂದ ಮೂರು ಬೆರಳಷ್ಟು ಹೊರಗೆ ಚಾಚಿಕೊಂಡಿರಬೇಕು. ಚೆಲ್ಲಿದ ನೀರು ಅಂಚಿನಿಂದ ಕೆಳಗಿಳಿದು ಕಪಾಟಿಗೆ ಹರಿಯದ ಹಾಗೆ ಆ ಚಾಚಿನ ಅಡಿಯಲ್ಲಿ ಉದ್ದಕ್ಕೂ ಒಂದು ಗೆರೆ ಕೊರೆದೆ. ಒಂದು ಬೆರಳು ಹಿಡಿಸುವಷ್ಟು ಅಗಲ. ಕಿಟಕಿಯ ಹೊಸ್ತಿಲಿಗೆ ಮಾಡುವ ಉಪಾಯವನ್ನು ಅಡುಗೆಮನೆಗೂ ತಂದೆನಲ್ಲ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಆ ಅಡುಗೆಮನೆಯಲ್ಲಿ ಕೆಲಸ ಮಾಡಬೇಕಾದವಳು ತೋಟದ ಲೈನಿನಿಂದ, ಅಂದರೆ ಕೂಲಿಯವರ ಸಾಲುಮನೆಯಿಂದ, ಬರುವ ಒಬ್ಬ ಹೆಂಗಸು. ನಲವತ್ತರ ಆಚೀಚೆ. ಹಿಂದೆ ತೋಟದಲ್ಲೇ ದುಡಿಯುತ್ತಿದ್ದಳಂತೆ. ಮಂಡಿ ಕೆಟ್ಟು ಇಳಿಜಾರು ಹತ್ತಿ ಇಳಿಯಲಾಗದ ಮೇಲೆ ಯಜಮಾನಿ ಅಡುಗೆಗೆ ಕರೆದುಕೊಂಡಿದ್ದರು. ಆಕೆಯ ಅಕ್ಕಿ ರೊಟ್ಟಿ ತಿಂದವರು ಮತ್ತೆ ಅದೇ ಹೋಂಸ್ಟೇ ಹುಡುಕಿಕೊಂಡು ಬರುತ್ತಿದ್ದರು. ಮಧ್ಯಾಹ್ನದ ಹೊತ್ತು ನಾನು ಕೆಲಸ ಮಾಡುವ ಗೋಡೌನಿಗೆ ಕಾಫಿ ತಂದು, ಹಲಗೆಯ ಮೇಲೆ ಅಂಗೈ ಆಡಿಸಿ ನೋಡುತ್ತಿದ್ದಳು.

"ಇದು ನನ್ ಕಟ್ಟೆನಾ ಮೇಸ್ತ್ರಿ? ಇದರ ಮೇಲೆ ರೊಟ್ಟಿ ತಟ್ಟೋಕೆ ಮನಸ್ಸು ಬರ್ತದಾ? ನಮ್ ದೇವರ ಪೀಠನೂ ಇಷ್ಟು ನೈಸಿಲ್ಲ."

"ನೀನು ತಟ್ಟಿದ ಮೇಲೇ ಅಕ್ಕ ಇದು ಕಟ್ಟೆ. ಅಲ್ಲೀವರೆಗೆ ಬರೀ ಹಲಗೆ" ಎಂದೆ. ಮಾತಿಗೇನು, ನನ್ನ ಬಾಯಲ್ಲಿ ಬೆಣ್ಣೆ.

ಇನ್ನು ಎಣ್ಣೆ. ಉಳಿದ ತುಂಡುಗಳನ್ನು ಅಂಗೈ ಅಗಲಕ್ಕೆ ಕೊಯ್ದು, ಸ್ಯಾಂಡ್‌ಪೇಪರಿನಲ್ಲಿ ಉಜ್ಜಿ, ಒಂದೊಂದಕ್ಕೂ ಒಂದೊಂದು ಎಣ್ಣೆ ಹಾಕಿ ಗೋಡೌನಿನ ಕಿಟಕಿಯಲ್ಲಿ ಸಾಲಾಗಿ ಇಟ್ಟೆ. ಜುಲೈ ತಿಂಗಳು. ನಮ್ಮ ಕಡೆ ಜುಲೈಯಲ್ಲಿ ಗೋಡೆಗೆ ತೂಗುಹಾಕಿದ ಚರ್ಮದ ಬೆಲ್ಟಿಗೂ ಬೂಸ್ಟು ಬರುತ್ತದೆ. ಪರೀಕ್ಷೆಗೆ ಅದಕ್ಕಿಂತ ಒಳ್ಳೆಯ ಕಾಲ ಬೇಡ.

ಮೊದಲನೆಯದು ತೆಂಗಿನ ಎಣ್ಣೆ. ಹಾಕಿದ ದಿನ ಮದುಮಗಳ ಹಾಗೆ ಹೊಳೆಯಿತು. ಎರಡು ವಾರ ಕಳೆಯುವಷ್ಟರಲ್ಲಿ ಕಮಟು ವಾಸನೆ, ಮೇಲೆ ಇರುವೆ ಸಾಲು. ಎರಡನೆಯದು ಗಾಣದಲ್ಲಿ ತೆಗೆದ ಹಸಿ ಅಗಸೆ ಎಣ್ಣೆ. ಅದು ಒಣಗಲೇ ಇಲ್ಲ. ಬೆರಳಿಟ್ಟರೆ ಬೆಲ್ಲದ ಪಾಕದ ಹಾಗೆ ಅಂಟುತ್ತಿತ್ತು, ಮೇಲೆ ಕಪ್ಪು ಚುಕ್ಕೆಯ ಬೂಸ್ಟು ಕೂತಿತು. ಮೂರನೆಯದು ಪೇಂಟ್ ಅಂಗಡಿಯಲ್ಲಿ ಸಿಗುವ, ಕಾಯಿಸಿದ ಅಗಸೆ ಎಣ್ಣೆ. ಆ ಮಳೆಯಲ್ಲೂ ಎರಡೇ ದಿನದಲ್ಲಿ ಒಣಗಿ, ಹಲಸಿನ ಬಣ್ಣ ಜೇನಿನ ಬಣ್ಣಕ್ಕೆ ತಿರುಗಿತು. ಅದನ್ನೇ ಹಾಕಿಬಿಡೋಣ ಎಂದು ಕೈ ತುರಿಸಿತು. ಆದರೆ ಬೇಗ ಒಣಗಲೆಂದು ಅದಕ್ಕೆ ಏನೇನೋ ಲೋಹದ ಉಪ್ಪು ಬೆರೆಸಿರುತ್ತಾರೆ. ಊಟದ ಸಾಮಾನಿಗೆ ಬಳಸಬಾರದೆಂದು ಡಬ್ಬಿಯ ಮೇಲೆಯೇ ಸಣ್ಣಕ್ಷರದಲ್ಲಿ ಬರೆದಿತ್ತು. ಯಜಮಾನಿಯ ಮಾತು ನೆನಪಿಟ್ಟುಕೊಂಡು ಅದನ್ನು ಬದಿಗಿಟ್ಟೆ. ಅಷ್ಟರಮಟ್ಟಿಗೆ ನಾನು ಪ್ರಾಮಾಣಿಕ.

ನಾಲ್ಕನೆಯದು ಔಷಧಿ ಅಂಗಡಿಯಲ್ಲಿ ಸಿಗುವ ಪ್ಯಾರಾಫಿನ್ ಎಣ್ಣೆ, ಹೊಟ್ಟೆ ಕಟ್ಟಿದವರಿಗೆ ಕೊಡುವಂಥದ್ದು. ಹತ್ತು ಬಾಟಲಿ ಕೇಳಿದಾಗ ಅಂಗಡಿಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಮನೇಲಿ ಎಲ್ಲರಿಗೂ ತೊಂದರೆಯಾ ಮೇಸ್ತ್ರಿ?"

"ಮರಕ್ಕೆ" ಎಂದೆ. ಅವರು ಇನ್ನಷ್ಟು ಅನುಮಾನದಿಂದ ನೋಡಿದರು.

ಅದಕ್ಕೆ ವಾಸನೆಯಿಲ್ಲ, ಕೆಡುವುದಿಲ್ಲ, ಬೂಸ್ಟು ಹಿಡಿಯಲಿಲ್ಲ. ಒಣಗುವುದೂ ಇಲ್ಲ, ಮರ ಕುಡಿದುಕೊಳ್ಳುತ್ತದೆ ಅಷ್ಟೆ. ಆದರೆ ನಾಲ್ಕು ಸಲ ಒರೆಸಿದರೆ ನೀರು ಮತ್ತೆ ಇಳಿಯತೊಡಗಿತು. ಹಾಗಾಗಿ ಜೇನು ಕೀಳುವವರಿಂದ ಮೇಣ ತರಿಸಿ, ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಒಂದು ಪಾಲು ಮೇಣಕ್ಕೆ ನಾಲ್ಕು ಪಾಲು ಎಣ್ಣೆ ಸೇರಿಸಿ ಉಜ್ಜಿದೆ. ಆಮೇಲೆ ಅಡುಗೆಯಾಕೆಯನ್ನು ಕರೆದು, ನಿನ್ನ ಕೈಲಾದಷ್ಟು ಹಾಳು ಮಾಡು ಎಂದು ತುಂಡುಗಳನ್ನು ಮುಂದಿಟ್ಟೆ. ಆಕೆ ಖುಷಿಯಿಂದ ಅರಿಸಿನ ಕಲಸಿ ಹಚ್ಚಿದಳು, ಕಾಫಿ ಡಿಕಾಕ್ಷನ್ ಚೆಲ್ಲಿದಳು, ಕೊನೆಗೆ ಹಂದಿ ಸಾರಿಗೆ ಹಾಕುವ ಕಾಚಂಪುಳಿಯನ್ನು ತಂದು ತೊಟ್ಟು ತೊಟ್ಟಾಗಿ ಬಿಟ್ಟಳು. ಕಪ್ಪಗಿನ ಆ ಹುಳಿ ಉಳಿದ ತುಂಡುಗಳ ಮೇಲೆಲ್ಲ ಕಲೆ ಬಿಟ್ಟಿತು. ಮೇಣ ಸೇರಿಸಿದ್ದರ ಮೇಲೆ ಮಾತ್ರ ಮಣಿಯಾಗಿ ನಿಂತು, ಒರೆಸಿದಾಗ ಬಂದುಬಿಟ್ಟಿತು.

"ಇದೇ ಹಾಕಿ ಮೇಸ್ತ್ರಿ" ಎಂದು ಆಕೆಯೇ ಆರಿಸಿದಳು. ಯಜಮಾನಿಯೂ ಒಪ್ಪಿದರು. ಮೂರು ವಾರದ ಪರೀಕ್ಷೆ ಅಲ್ಲಿಗೆ ಮುಗಿಯಬೇಕಿತ್ತು.

ಮುಗಿಸಲು ನನ್ನ ಮನಸ್ಸು ಬಿಡಲಿಲ್ಲ. ಎಣ್ಣೆ ಮೇಣದ ಮಿಶ್ರಣ ನೀರಿಗೆ ಸರಿ, ಗೆದ್ದಲಿಗೆ ಅದೇನೂ ಅಲ್ಲ. ಸಿಂಕಿನ ಪಕ್ಕ, ಗೋಡೆಗೆ ತಾಗಿ, ಗಾಳಿಯಾಡದ ಕಡೆ ಹಲಗೆ ಕೂರುತ್ತದೆ. ಗೆದ್ದಲು ಬಂದರೆ ನಿಮ್ಮನ್ನೇ ಹಿಡೀತೀನಿ ಎಂದಿದ್ದಾರೆ. ನನಗೆ ಕೆಲಸ ಕಲಿಸಿದ ಮೇಸ್ತ್ರಿ ಘಟ್ಟದ ಕೆಳಗಿನವರು. ಅವರು ತೊಲೆ, ಕಂಬ, ಬಾಗಿಲ ಚೌಕಟ್ಟು ಏನು ಮಾಡಿದರೂ ಗೋಡೆಯ ಕಡೆಗೆ ಗೇರೆಣ್ಣೆ ಬಳಿಯುತ್ತಿದ್ದರು. ಗೋಡಂಬಿಯ ಗಟ್ಟಿ ಸಿಪ್ಪೆಯಿಂದ ತೆಗೆಯುವ ಕಪ್ಪು ಎಣ್ಣೆ ಅದು. ಅದನ್ನು ಬಳಿದ ಮರದ ಹತ್ತಿರ ಗೆದ್ದಲು ಸುಳಿಯುವುದಿಲ್ಲ. "ಕಾಣುವ ಕಡೆ ಯಜಮಾನನ ಎಣ್ಣೆ, ಕಾಣದ ಕಡೆ ನಮ್ಮ ಎಣ್ಣೆ ಮಾರಾಯ" ಎನ್ನುತ್ತಿದ್ದರು. ಮೂವತ್ತು ವರ್ಷದಿಂದ ನಾನೂ ಅದನ್ನೇ ಮಾಡಿಕೊಂಡು ಬಂದಿದ್ದೆ. ಕಂಬದ ಬೆನ್ನನ್ನು ಯಾರೂ ಮುಟ್ಟುವುದಿಲ್ಲ, ಹಾಗಾಗಿ ಯಾರಿಗೂ ಏನೂ ಆಗಿರಲಿಲ್ಲ.

ಗೇರೆಣ್ಣೆ ಹಸಿಯಾಗಿದ್ದರೆ ಚರ್ಮ ಸುಡುತ್ತದೆ. ಅದು ನನಗೆ ಗೊತ್ತಿಲ್ಲದ್ದಲ್ಲ. ಬಳಿಯುವ ಮೊದಲು ಮೊಣಕೈವರೆಗೆ ತೆಂಗಿನ ಎಣ್ಣೆ ಸವರಿಕೊಂಡೆ, ಬೆರಳುಗಳಿಗೆ ಪ್ಲಾಸ್ಟಿಕ್ ಸುತ್ತಿಕೊಂಡೆ. ಈಗಲೂ ನನ್ನನ್ನು ಇರಿಯುವುದು ಇದೇ ಸಂಗತಿ. ನನ್ನ ಕೈ ನಾನು ಕಾಪಾಡಿಕೊಂಡೆ. ಹಲಗೆಯ ಬೆನ್ನಿಗೂ, ಹಿಂದಿನ ಅಂಚಿಗೂ, ಮುಂದಿನ ಚಾಚಿನ ಅಡಿಗೂ ಎರಡು ಕೈ ಬಳಿದೆ. ಕೊರೆದ ಗೆರೆಯೊಳಗೆ ಎಣ್ಣೆ ಹೆಚ್ಚಾಗಿ ನಿಂತಿತು, ಒಳ್ಳೆಯದೇ ಆಯಿತು ಎಂದುಕೊಂಡೆ. ಬಿಸಿಲು ಕಾಲದಲ್ಲೇ ಒಂದು ತಿಂಗಳಾದರೂ ಒಣಗಲು ಬಿಡಬೇಕಾದದ್ದು. ಆಗಸ್ಟಿನ ರಜೆಗೆ ಎಲ್ಲ ಕೋಣೆಗಳೂ ಬುಕ್ ಆಗಿದ್ದವು. ಮಳೆಯಲ್ಲಿ ಎಂಟೇ ದಿನ ಬಿಟ್ಟು ಹಲಗೆ ಕೂರಿಸಿದೆ.

ಯಜಮಾನಿಗೆ ಹೇಳಲಿಲ್ಲ. ಬಾಯಿಗೆ ಹೋಗುವುದು ಮೇಲಿನ ಮುಖ, ಕೆಳಗಿನದು ಅಡುಗೆಮನೆಗೆ ಸೇರಿದ್ದೇ ಅಲ್ಲ ಎಂದು ಸಮಾಧಾನ ಹೇಳಿಕೊಂಡೆ. ನಮಗೆ ಬೇಕಾದ ಕಡೆ ಗಡಿ ಎಳೆದುಕೊಳ್ಳುವುದರಲ್ಲಿ ನಾವೆಲ್ಲ ಸರ್ವೇಯರುಗಳೇ.

ಕಟ್ಟೆ ಎಲ್ಲರಿಗೂ ಹಿಡಿಸಿತು. ಬಂದವರು ಫೋಟೋ ತೆಗೆದರು. ಮೂರನೇ ವಾರ ಕಪಾಟಿನ ಬಾಗಿಲೊಂದು ಉಬ್ಬಿ ಹಿಡಿಯುತ್ತಿದೆ ಎಂದು ಫೋನ್ ಬಂದು, ಮರ ಹೆರೆಯುವ ಹತ್ತರಿ ಹಿಡಿದುಕೊಂಡು ಹೋದೆ. ಅಡುಗೆಯಾಕೆ ಕಟ್ಟೆಯ ಮುಂದೆ ಇರಲಿಲ್ಲ. ಹೊರಗೆ ಜಗುಲಿಯಲ್ಲಿ ಕೂತು, ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ಬೀಸಣಿಗೆಯಲ್ಲಿ ಗಾಳಿ ಹಾಕಿಕೊಳ್ಳುತ್ತಿದ್ದಳು. ನಾಲ್ಕು ಬೆರಳ ಒಳಬದಿಯ ತುಂಬ ನೀರು ತುಂಬಿದ ಬೊಕ್ಕೆಗಳು, ಒಡೆದ ಕಡೆ ಚರ್ಮ ಕರಿಹಿಡಿದಿತ್ತು. ಮುಖದ ಒಂದು ಬದಿಯೂ ಊದಿಕೊಂಡಿತ್ತು. ಆ ಕೈಯಲ್ಲಿ ಕೆನ್ನೆ ಮುಟ್ಟಿಕೊಂಡಿರಬೇಕು.

ನನಗೆ ಆ ಕ್ಷಣವೇ ಗೊತ್ತಾಯಿತು. ನೋಡಿದ ಕೂಡಲೇ. ಆಮೇಲೆ ಯಾರ ಬಳಿಯೂ ವಿಚಾರಿಸುವ ಅಗತ್ಯ ನನಗೆ ಬರಲಿಲ್ಲ.

ಅಕ್ಕಿ ರೊಟ್ಟಿಯ ಹಿಟ್ಟನ್ನು ನಾದುವುದು ಸುಲಭದ ಕೆಲಸವಲ್ಲ. ಅನ್ನವನ್ನೂ ಹಿಟ್ಟನ್ನೂ ಸೇರಿಸಿ, ಬಲಗೈಯ ಬುಡದಿಂದ ಮೈಭಾರ ಹಾಕಿ ಒತ್ತಬೇಕು. ಒತ್ತುವಾಗ ಎಡಗೈ ಕಟ್ಟೆಯ ಅಂಚನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ನಾನು ಕೊರೆದ ಗೆರೆ ಆ ಬೆರಳುಗಳಿಗೆ ಹೇಳಿ ಮಾಡಿಸಿದ ಹಾಗಿತ್ತು. ಪಕ್ಕದಲ್ಲೇ ಒಲೆ, ಅದರ ಬಿಸಿಗೆ ಒಣಗದ ಎಣ್ಣೆ ಬೆವರಿನ ಹಾಗೆ ಹೊರಗೆ ಬರುತ್ತಿತ್ತು. ದಿನಾ ಬೆಳಿಗ್ಗೆ, ದಿನಾ ಸಂಜೆ.

"ನೋಡಿ ಮೇಸ್ತ್ರಿ, ಎಷ್ಟು ಹೇಳಿದ್ರೂ ಇವಳು ಸೌದೆಗೆ ಅಂತ ಮೇಲಿನ ಕಾಡಿಗೆ ಹೋಗೋದು ಬಿಡಲ್ಲ" ಎಂದರು ಯಜಮಾನಿ. "ಚೇರೆ ಮುಟ್ಟಿಕೊಂಡು ಬಂದಿದ್ದಾಳೆ."

ಚೇರೆ ಎಂದರೆ ನಮ್ಮ ಕಾಡಿನ ಮರ. ಅದರ ಹಾಲು ತಾಗಿದರೆ ಹೀಗೆಯೇ ಬೊಕ್ಕೆ ಏಳುತ್ತದೆ. ಕೆಲವರಿಗೆ ನೆರಳು ಬಿದ್ದರೂ ಸಾಕು ಎನ್ನುತ್ತಾರೆ.

"ನಾನು ಆ ಕಡೆ ಹೋಗೇ ಇಲ್ಲ ಅಮ್ಮ" ಎಂದಳು ಆಕೆ. "ಸೌದೆ ನಮ್ಮವರೇ ತಂದಿದ್ದು."

"ಹಾಗಾದ್ರೆ ಆ ಸೌದೇಲೇ ಇತ್ತು. ಅಡುಗೆಮನೇದು ಅಂತ ಹೇಳೋ ಹಾಗಿಲ್ಲ, ನಾನೂ ಅಲ್ಲೇ ಇರ್ತೀನಲ್ಲ, ನನಗೇನೂ ಆಗಿಲ್ಲ. ಏನಂತೀರಿ ಮೇಸ್ತ್ರಿ, ಮರದ ವಿಷಯ ನಿಮಗೆ ಗೊತ್ತಿರ್ತದೆ."

ಇಬ್ಬರೂ ನನ್ನ ಮುಖ ನೋಡಿದರು. ನಾನು ಬಾಗಿ, ಆಕೆಯ ಬೆರಳುಗಳನ್ನು ವೈದ್ಯನ ಹಾಗೆ ಪರೀಕ್ಷೆ ಮಾಡಿದೆ. "ಚೇರೆನೇ ಇರಬೇಕು" ಎಂದೆ.

ಸುಮ್ಮನಿದ್ದಿದ್ದರೂ ಒಂದು ಮಾತು. ನಾನು ಬಾಯಿ ಬಿಟ್ಟು ಸುಳ್ಳು ಹೇಳಿದೆ. ಮರದ ವಿಷಯ ಗೊತ್ತಿರುವವನು ಹೇಳಿದ ಮೇಲೆ ಅದಕ್ಕೆ ಸಹಿ ಬಿದ್ದ ಹಾಗಾಯಿತು. ಆಕೆಯೂ ತನ್ನ ಬೆರಳುಗಳನ್ನು ನೋಡಿಕೊಂಡು, ಇರಬಹುದೇನೋ ಎಂದು ತಲೆ ತಗ್ಗಿಸಿದಳು. ಬಾಗಿಲು ಸರಿ ಮಾಡಿ, ಅವರು ಕೊಟ್ಟ ಕಾಫಿ ಕುಡಿದು ಬಂದೆ. ಹೊರಡುವ ಮೊದಲು ಯಾರೂ ಇಲ್ಲದಾಗ ಅಂಚಿನ ಅಡಿಗೆ ಹಳೆಯ ಬಟ್ಟೆ ಹಾಕಿ ಒರೆಸಿದೆ. ಬಟ್ಟೆ ಕಪ್ಪಾಯಿತು. ಅದನ್ನು ಚೀಲದೊಳಗೆ ತುರುಕಿಕೊಂಡೆ.

ಆಮೇಲಿನ ದಿನಗಳನ್ನು ಹೇಗೆ ಕಳೆದೆ ಎಂದು ಹೇಳಿದರೆ ನನಗೇ ನಾಚಿಕೆ. ಬೇರೆ ಕೆಲಸ ಹಿಡಿದಿದ್ದೆ, ಅಳತೆ ತಪ್ಪುತ್ತಿತ್ತು. ಹೇಳಿದರೆ ಹೆಸರು ಹೋಗುತ್ತದೆ; ಇಡೀ ಸೀಮೆಯ ಹೋಂಸ್ಟೇಗಳಿಗೆ ಸುದ್ದಿ ಮುಟ್ಟಲು ಒಂದು ಸಂತೆ ಸಾಕು. ಹೇಳದಿದ್ದರೆ ಆ ಬೆರಳು ಕಣ್ಣ ಮುಂದೆ ಬರುತ್ತದೆ. ಉಗುಳಿದರೆ ತುಪ್ಪ ಕೇಡು, ನುಂಗಿದರೆ ಗಂಟಲು ಕೇಡು. ಎಣ್ಣೆ ಒರೆಸಿದ್ದೇನಲ್ಲ, ಇನ್ನು ತಾನಾಗಿ ವಾಸಿಯಾಗುತ್ತದೆ ಎಂದು ಕಾದೆ. ಎರಡು ಸಲ ಏನೋ ನೆಪ ಮಾಡಿಕೊಂಡು ತೋಟದ ಕಡೆ ಹೋಗಿ ವಿಚಾರಿಸಿದೆ. ಅಂಗಡಿಯಲ್ಲಿ ಯಾರೋ ಕೊಟ್ಟ ಹುಳುಕಡ್ಡಿಯ ಮುಲಾಮು ಹಚ್ಚುತ್ತಿದ್ದಳಂತೆ, ಇನ್ನಷ್ಟು ಉರಿಯುತ್ತಿತ್ತಂತೆ. ಲೈನಿನಲ್ಲಿ ಮಕ್ಕಳನ್ನು ಆಕೆಯ ಹತ್ತಿರ ಬಿಡುತ್ತಿರಲಿಲ್ಲವಂತೆ.

ಹನ್ನೊಂದನೆಯ ದಿನ ಶನಿವಾರ. ಯಜಮಾನಿ ಕೋಣೆಯ ಕಿಟಕಿಯೊಂದಕ್ಕೆ ಚಿಲಕ ಹಾಕಲು ಕರೆದಿದ್ದರು. ಮಾತಿನ ನಡುವೆ ಹೇಳಿದರು: "ಸೋಮವಾರದಿಂದ ಅಡುಗೆಗೆ ಬೇರೆಯವಳು ಬರ್ತಾಳೆ ಮೇಸ್ತ್ರಿ. ಏನು ಮಾಡಲಿ, ಅಂಥ ಕೈಯಲ್ಲಿ ಬಡಿಸಿದ್ರೆ ಗೆಸ್ಟ್‌ಗಳು ತಟ್ಟೆ ಬಿಟ್ಟು ಏಳ್ತಾರೆ. ಇವಳು ವಾಸಿ ಮಾಡಿಕೊಂಡು ತೋಟದ ಕೆಲಸಕ್ಕೇ ಬರಲಿ."

"ಮಂಡಿ?" ಎಂದೆ.

"ಅದಕ್ಕೆ ನಾನೇನು ಮಾಡ್ಲಿ ಹೇಳಿ."

ಮಂಡಿ ಕೆಟ್ಟವಳು ಇಳಿಜಾರಿಗೆ ವಾಪಸ್ಸು. ಸೋಮವಾರ ಬರುವವಳೂ ರೊಟ್ಟಿ ನಾದುವವಳೇ, ಅವಳ ಬೆರಳೂ ಅದೇ ಗೆರೆಯೊಳಗೆ. ನಾನು ಮೇಲೆ ಒರೆಸಿದ್ದು ಮರದೊಳಗೆ ಇಳಿದದ್ದನ್ನು ತೆಗೆಯುವುದಿಲ್ಲವೆಂದು ನನಗೆ ಗೊತ್ತಿತ್ತು. ಚಿಲಕ ಅರ್ಧಕ್ಕೆ ಬಿಟ್ಟು, ಈಗ ಬಂದೆ ಎಂದು ಹೇಳಿ ಲೈನಿನ ದಾರಿ ಹಿಡಿದೆ. ಆಕೆಗೆ ಹೇಳಬೇಕು ಎಂದೇ ಹೊರಟೆನೋ, ನೋಡಿಕೊಂಡು ಬರೋಣ ಎಂದು ಹೊರಟೆನೋ ಈಗಲೂ ಖಾತ್ರಿಯಿಲ್ಲ.

ಲೈನಿಗಿಂತ ಸ್ವಲ್ಪ ಈಚೆ, ಕಾಫಿ ಗಿಡಗಳ ನಡುವೆ ಒಂದು ದೊಡ್ಡ ತಾರೆ ಮರ. ಆಕೆ ಅದಕ್ಕೆ ಸುತ್ತು ಬರುತ್ತಿದ್ದಳು. ಚೇರೆ ತಾಗಿದವರು ತಾರೆ ಮರಕ್ಕೆ ಏಳು ಸುತ್ತು ಬಂದು ತಪ್ಪೊಪ್ಪಿಕೊಂಡರೆ ಉರಿ ಇಳಿಯುತ್ತದೆ ಎನ್ನುವುದು ಹಳಬರ ನಂಬಿಕೆ. ಎಡಗೈಗೆ ಬಟ್ಟೆ ಸುತ್ತಿಕೊಂಡು, ಬಲಗೈಯನ್ನು ಮರಕ್ಕೆ ಊರಿಕೊಂಡು, ಕೆಟ್ಟ ಮಂಡಿಯನ್ನು ಎಳೆಯುತ್ತ ನಿಧಾನವಾಗಿ ಸುತ್ತುತ್ತಿದ್ದಳು. ನನ್ನನ್ನು ನೋಡಿರಲಿಲ್ಲ.

"ಗೊತ್ತಿಲ್ದೆ ಮುಟ್ಟಿದ್ರೆ ತಪ್ಪಾಯ್ತು ನಮ್ಮಪ್ಪ. ಬೇಕು ಅಂತ ಮಾಡಿದ್ದಲ್ಲ. ಚೇರೆ ಮಾಡಿದ್ದನ್ನ ನೀನು ಕಳೆ."

ತಾನು ಮುಟ್ಟದ ಮರಕ್ಕಾಗಿ, ತಾನು ಮಾಡದ ತಪ್ಪಿಗೆ, ಇನ್ನೊಂದು ಮರದ ಹತ್ತಿರ ಕ್ಷಮೆ ಬೇಡುತ್ತಿದ್ದಳು. ಬೇಕು ಅಂತ ಮಾಡಿದ್ದಲ್ಲ ಎನ್ನಲು ನನ್ನಿಂದ ಆಗುತ್ತಿರಲಿಲ್ಲ. ನನಗೆ ಅಳು ಬಂತು. ಐವತ್ತು ದಾಟಿದ ಗಂಡಸು, ಕಾಫಿ ಗಿಡ ಹಿಡಿದುಕೊಂಡು ಅತ್ತೆ.

"ಅಯ್ಯೋ, ಏನ್ ಮೇಸ್ತ್ರಿ? ಏನಾಯ್ತು?" ಎಂದು ಆಕೆಯೇ ನಿಂತಳು.

"ಅದು ಚೇರೆ ಅಲ್ಲಕ್ಕ. ನಾನು. ಹಲಗೆ ಅಡಿಗೆ ಗೇರೆಣ್ಣೆ ಬಳಿದಿದ್ದೆ. ನೀನು ಅಂಚು ಹಿಡ್ಕೊಳ್ತೀಯಲ್ಲ, ಅಲ್ಲಿಂದ ಆಗಿದ್ದು."

ಆಕೆ ಎಡಗೈಯನ್ನು ಅಂಚು ಹಿಡಿಯುವ ಹಾಗೆ ಗಾಳಿಯಲ್ಲಿ ಮಡಚಿ ನೋಡಿಕೊಂಡಳು.

"ಯಾವಾಗ ಗೊತ್ತಾಯ್ತು ನಿಮಗೆ?"

"ಅವತ್ತೇ."

"ನನ್ ಕೈ ಹಿಡ್ದು ನೋಡಿ ಚೇರೆ ಅಂದ್ರಲ್ಲ, ಅವತ್ತೇನಾ?"

"ಹೂಂ."

ಬೈಯುತ್ತಾಳೆ ಎಂದುಕೊಂಡೆ. ಬೈದಿದ್ದರೆ ಸುಲಭವಿತ್ತು. ಆಕೆ ಮರವನ್ನೊಮ್ಮೆ ನೋಡಿ, ಬಟ್ಟೆ ಬಿಗಿ ಮಾಡಿಕೊಂಡಳು. "ಏಳು ಸುತ್ತು ಅಂತ ಹೇಳ್ಕೊಂಡಿದ್ದೀನಿ. ಐದಾಗೈತೆ. ನಡುವೆ ಬಿಡಬಾರದು" ಎಂದಳು. ಎರಡು ಹೆಜ್ಜೆ ಹೋಗಿ ತಿರುಗಿದಳು. "ನೀವೇನ್ ನೋಡ್ಕೊಂಡು ನಿಂತಿದ್ದೀರಿ? ಬನ್ನಿ. ತಪ್ಪು ನಿಮ್ಮದು ತಾನೇ?"

ಉಳಿದ ಎರಡು ಸುತ್ತು ಆಕೆಯ ಹಿಂದೆ ನಾನೂ ಬಂದೆ. ಆಕೆಯ ಮಂಡಿಯ ವೇಗಕ್ಕೆ ನಡೆಯುವುದು ಎಷ್ಟು ನಿಧಾನ ಎಂದು ಆಗ ಗೊತ್ತಾಯಿತು. ಅಲ್ಲಿಂದ ನೇರ ಯಜಮಾನಿಯ ಹತ್ತಿರ ಹೋದೆವು.

ಯಜಮಾನಿ ಕಿರುಚಾಡಲಿಲ್ಲ. ಕುರ್ಚಿಯಲ್ಲಿ ಕೂತು ಪೂರ್ತಿ ಕೇಳಿದರು. "ಅವತ್ತು ನಮ್ಮನೇಲಿ ಕಾಫಿ ಕುಡಿದು ಹೋದ್ರಲ್ಲ ಮೇಸ್ತ್ರಿ, ಕಾಫಿ ಇಳಿದ ಗಂಟಲಲ್ಲಿ ಒಂದು ಮಾತು ಮೇಲೆ ಬರಲಿಲ್ವಾ?" ಎಂದರು. ಆಮೇಲೆ ಅಡುಗೆಯಾಕೆಯ ಕಡೆ ತಿರುಗಿ, "ನಾನೂ ನಿನ್ನ ಮಾತು ನಂಬಲಿಲ್ಲ" ಎಂದು ಸಣ್ಣ ದನಿಯಲ್ಲಿ ಹೇಳಿದರು. ಸೋಮವಾರ ಬರಬೇಕಾದವಳಿಗೆ ಅಲ್ಲೇ ಫೋನ್ ಮಾಡಿ ಬೇಡವೆಂದರು. ತಾವೇ ಜೀಪು ತೆಗೆದು ಆಕೆಯನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋದರು. ನಾನು ಹಿಂದಿನ ಸೀಟಿನಲ್ಲಿ, ಗೋಡೌನಿನಲ್ಲಿ ಉಳಿದಿದ್ದ ಗೇರೆಣ್ಣೆಯ ಡಬ್ಬಿ ಹಿಡಿದು ಕೂತಿದ್ದೆ. ಕಾರಣ ಗೊತ್ತಾದ ಮೇಲೆ ಡಾಕ್ಟರು ಹಳೆಯ ಮುಲಾಮು ಬಿಸಾಡಿಸಿ ಬೇರೆ ಮಾತ್ರೆ, ಬೇರೆ ಮುಲಾಮು ಬರೆದರು. ಇದು ಅಂಟುರೋಗವಲ್ಲ ಎಂದು ಲೈನಿನವರಿಗೆ ಹೇಳಿ ಎಂದು ಎರಡು ಸಲ ಹೇಳಿದರು. "ಮೊದಲೇ ಹೇಳಿದ್ದರೆ ಇಷ್ಟು ಆಗುತ್ತಿರಲಿಲ್ಲ" ಎಂದೂ ಹೇಳಿದರು. ಆ ಮಾತು ಯಾರಿಗೆ ತಾಗಿತೆಂದು ಅವರಿಗೆ ಗೊತ್ತಿರಲಿಲ್ಲ. ನಾನು ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿಕೊಂಡೆ.

ಮಾರನೆಯ ದಿನವೇ ಹಲಗೆ ಕಿತ್ತೆ. ಮೊದಲು ಉಜ್ಜಿ ತೆಗೆಯೋಣ ಎಂದು ನೋಡಿದೆ. ಬೆನ್ನಿಗೆ ಯಂತ್ರ ಹಾಕಿ ಎರಡು ನೂಲು, ಅಂದರೆ ಕಾಲಿಂಚಷ್ಟು ತೆಗೆದರೂ ಕಪ್ಪು ಹೋಗಲಿಲ್ಲ. ಆ ಧೂಳು ಬಿದ್ದು ನನ್ನ ಎರಡೂ ಮುಂಗೈಯಲ್ಲಿ ಬೊಕ್ಕೆ ಎದ್ದವು. ಮಾಡಿದ್ದುಣ್ಣೋ ಮಹರಾಯ. ಉರಿ ಎಂದರೆ ಏನು ಉರಿ! ರಾತ್ರಿ ಹೊದಿಕೆ ತಾಗಿದರೂ ಜೀವ ಹೋಗುತ್ತಿತ್ತು. ಆಕೆ ಇದೇ ಕೈಯಲ್ಲಿ ಎಷ್ಟು ದಿನ ರೊಟ್ಟಿ ನಾದಿರಬಹುದು ಎಂದು ಲೆಕ್ಕ ಹಾಕಲು ಹೋಗಿ ಬಿಟ್ಟೆ.

ಹಳೆಯ ಹಲಗೆಯನ್ನು ತೋಟದ ಗೊಬ್ಬರದ ಶೆಡ್ಡಿನ ತೊಲೆಗಳ ಮೇಲೆ ಹಾಕಿದೆ, ಯಾರ ಕೈಗೂ ನಿಲುಕದ ಎತ್ತರದಲ್ಲಿ. ನನ್ನ ಮನೆಯ ಬಾಗಿಲಿಗೆಂದು ಎತ್ತಿಟ್ಟಿದ್ದ ಹಲಸಿನಲ್ಲಿ ಹೊಸದು ಮಾಡಿದೆ. ಈ ಸಲ ಗೆದ್ದಲಿಗೆ ಎಣ್ಣೆಯ ಗೊಡವೆಗೇ ಹೋಗಲಿಲ್ಲ. ಗೋಡೆಗೂ ಹಲಗೆಗೂ ನಡುವೆ ಒಂದು ಬೆರಳು ಸಂದು ಬಿಟ್ಟೆ. ಕೆಳಗೆ ಕಲ್ಲಿನ ಪಟ್ಟಿ ಕೊಟ್ಟು ಎತ್ತರಿಸಿ ಗಾಳಿಯಾಡುವ ಹಾಗೆ ಮಾಡಿದೆ. ಬೆನ್ನು ತೆರೆದು ನೋಡಲು ಬರುವ ಹಾಗೆ ತಿರುಪು ಹಾಕಿದೆ. ಎರಡು ದಿನದ ಹೆಚ್ಚಿನ ಕೆಲಸ, ಅಷ್ಟೆ. ಮೊದಲ ಸಲವೇ ಇದನ್ನು ಮಾಡಬಹುದಿತ್ತು. ಗೊತ್ತಿರಲಿಲ್ಲವೆಂದಲ್ಲ, ಡಬ್ಬಿ ಬಿಚ್ಚಿ ಬಳಿಯುವುದು ಸುಲಭವಾಗಿತ್ತು. ಮೇಲೆ, ಕೆಳಗೆ, ಅಂಚಿಗೆ, ಗೆರೆಯೊಳಗೆ, ಎಲ್ಲ ಕಡೆ ಒಂದೇ ಎಣ್ಣೆ, ಒಂದೇ ಮೇಣ. ಐದು ಕೈ ಹಾಕಿದೆ, ಪ್ರತಿಯೊಂದರ ನಡುವೆ ಒಂದು ದಿನ ಬಿಟ್ಟು. ನನ್ನ ಬರಿಗೈಯಲ್ಲೇ ಉಜ್ಜಿದೆ. ಮೂವತ್ತು ವರ್ಷದಲ್ಲಿ ಅಷ್ಟು ಚೆನ್ನಾಗಿ ಬಂದ ಕೆಲಸ ನನ್ನದು ಇನ್ನೊಂದಿಲ್ಲ.

ಆಕೆ ಕೆಲಸಕ್ಕೆ ವಾಪಸ್ಸು ಬಂದ ದಿನ ನಾನೂ ಹೋಗಿದ್ದೆ. ಬೆರಳಿನ ಚರ್ಮ ಹೊಸದಾಗಿ ಗುಲಾಬಿ ಬಣ್ಣಕ್ಕೆ ಬಂದಿತ್ತು. ಕಟ್ಟೆಯಿಂದ ಎರಡಡಿ ದೂರ ನಿಂತು ನೋಡಿದಳು. ನಾನು ಬಾಟಲಿಯಿಂದ ಒಂದು ಚಮಚ ಪ್ಯಾರಾಫಿನ್ ಎಣ್ಣೆ ಬಗ್ಗಿಸಿ ಆಕೆಯ ಎದುರೇ ಕುಡಿದೆ.

"ನೋಡಕ್ಕ, ಇದೇ ಹಾಕಿದ್ದು. ಬೇರೇನೂ ಇಲ್ಲ. ಬೆನ್ನಿಗೂ ಇದೇ."

"ನೀವು ಕುಡಿದ್ರೆ ನನ್ ಕೈಗೇನ್ ಗೊತ್ತಾಗ್ತದೆ ಮೇಸ್ತ್ರಿ?" ಎಂದು ನಕ್ಕಳು. ನಗುತ್ತಲೇ ಚೀಲದಿಂದ ಒಂದು ದಪ್ಪ ಪ್ಲಾಸ್ಟಿಕ್ ಹಾಳೆ ತೆಗೆದಳು, ಊಟದ ಮೇಜಿಗೆ ಹಾಸುವ ಹೂವಿನ ಚಿತ್ರದ್ದು. ಕಟ್ಟೆಯ ಮೇಲೆಲ್ಲ ಹಾಸಿ, ಮುಂದಿನ ಅಂಚಿನಿಂದ ಕೆಳಕ್ಕೆ ಮಡಚಿ, ಗೆರೆಯೊಳಗೆ ಒತ್ತಿ ಸಿಕ್ಕಿಸಿದಳು. ಆಮೇಲೆ ಹಿಟ್ಟು ತಂದು ಅದರ ಮೇಲೆ ನಾದತೊಡಗಿದಳು. ಯಜಮಾನಿ ನನ್ನ ಮುಖ ನೋಡಿದರು.

"ನಿಮ್ಮ ಮೇಲೆ ಕೋಪ ಇಲ್ಲ" ಎಂದಳು ಆಕೆ, ತಲೆಯೆತ್ತದೆ. "ಕೈ ಕೇಳಲ್ಲ, ಅಷ್ಟೇಯ."

ಪ್ಯಾರಾಫಿನ್ ಎಣ್ಣೆ ಮರದೊಳಗೆ ಉಳಿಯುವಂಥದ್ದಲ್ಲ, ತಿಂಗಳಿಗೊಮ್ಮೆ ಮತ್ತೆ ಹಾಕಬೇಕು. ಹಾಗಾಗಿ ಇವತ್ತಿಗೂ ತಿಂಗಳಿಗೊಮ್ಮೆ ಹೋಗುತ್ತೇನೆ. ಆಕೆ ಹೂವಿನ ಹಾಳೆ ಎತ್ತಿ ಸುತ್ತಿಟ್ಟು, ನನಗೆ ಕಾಫಿ ಕೊಡುತ್ತಾಳೆ, ಮನೆಯವರ ಸುದ್ದಿ ಕೇಳುತ್ತಾಳೆ. ನಾನು ಬಾಟಲಿಯ ಮುಚ್ಚಳ ತೆಗೆದ ಕೂಡಲೇ ಸೆರಗಿನೊಳಗೆ ಎಡಗೈ ಸುತ್ತಿಕೊಂಡು ಅಂಗಳಕ್ಕೆ ಹೋಗಿ ನಿಲ್ಲುತ್ತಾಳೆ.